ಬಿಟ್ಟ ಗಾದಿಗೆ ಮತ್ತೆ ಬಂದು ಕೂಡೂದು

ಕಳೆದ ವರ್ಷ ನಾಗರ ಪಂಚಮಿಗೆ ಅಕ್ಕ ಅಣ್ಣಿಗೇರಿಗೆ ಬಂದಾಗ ಆಕೆಯ ಫೋನಿನಲ್ಲಿ ಒಂದು ಆಫರ್ ಲೆಟರ್ ಇತ್ತು. ಉತ್ತರ ಕೊಡಲು ಉಳಿದದ್ದು ಐದು ದಿನ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಲ್ಲಿ ಮಗಳನ್ನು ಕೂರಿಸಿ ತೂಗುತ್ತಾ, ಇನ್ನೊಂದು ಕೈಯಿಂದ ಫೋನ್ ನನ್ನ ಕಡೆ ಚಾಚಿ, "ಓದಿ ನೋಡು ತಮ್ಮಾ. ಯಾರ ಮುಂದೂ ಅನಬ್ಯಾಡ" ಅಂದಳು.

ಅಕ್ಕ ಅಂದರೆ ನಮ್ಮ ದೊಡ್ಡಪ್ಪನ ಮಗಳು. ನನಗಿಂತ ಮೂರು ವರ್ಷ ದೊಡ್ಡವಳು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್, ಆಮೇಲೆ ಎಂಬಿಎ, 2016ರಿಂದ ಮುಂಬೈನ ಒಂದು ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಮೂರು ವರ್ಷ. 2019ರಲ್ಲಿ ಅದನ್ನು ಬಿಟ್ಟು ಬೆಂಗಳೂರಿನ ಒಂದು ದೊಡ್ಡ ಕಂಪನಿಯ ಹಣಕಾಸು ವಿಭಾಗ ಸೇರಿದಳು. ಮದುವೆ, ಮಗಳು, ಮನೆ ಸಾಲ ಎಲ್ಲ ಅಲ್ಲಿಂದಲೇ ಆಯಿತು. ಸಂಜೆ ಆರಕ್ಕೆ ಮನೆ, ಶನಿವಾರ-ರವಿವಾರ ರಜೆ. ಒಳ್ಳೆಯ ಸಂಬಳ. ನಮ್ಮ ಮನೆತನದಲ್ಲಿ ಇದಕ್ಕಿಂತ ಚೊಲೋ ನೌಕರಿ ಯಾರೂ ನೋಡಿಲ್ಲ.

ಆ ಪತ್ರ ಬೆಂಗಳೂರಿನ ಒಂದು ಸಣ್ಣ ಇನ್ವೆಸ್ಟ್‌ಮೆಂಟ್ ಬ್ಯಾಂಕಿನದು. ಹುದ್ದೆ ಅಸೋಸಿಯೇಟ್. ಅಂದರೆ 2019ರಲ್ಲಿ ಬಿಡದೇ ಇದ್ದಿದ್ದರೆ ಆ ವರ್ಷವೇ ಆಕೆಗೆ ಸಿಗುತ್ತಿದ್ದ ಹುದ್ದೆ. ಖಚಿತ ಸಂಬಳ ಈಗಿನದಕ್ಕಿಂತ ಕಡಿಮೆ. ಉಳಿದದ್ದು ಬೋನಸ್, ಅದು ವ್ಯವಹಾರ ಕುದುರಿದರೆ. ಮೇಲಿನ ಸಾಹೇಬನ ವಯಸ್ಸು 29.

"ನಿನಗ ತಲಿ ಕೆಟ್ಟೈತೇನು?" ಅಂದೆ. ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು, ನನ್ನ ಮೊದಲ ಪ್ರತಿಕ್ರಿಯೆ ಅಷ್ಟೇ.

"ಕೆಟ್ಟಿದ್ರ ಕೇಳತಿದ್ದಿಲ್ಲ, ಸಹಿ ಮಾಡತಿದ್ದೆ" ಅಂದಳು.

ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಅಂದರೇನು ಅನ್ನುವುದನ್ನು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಯಾರಿಗೂ ತಿಳಿಸಲು ಆಗಿರಲಿಲ್ಲ. ಬ್ಯಾಂಕು ಅಂದರೆ ಪಾಸ್‌ಬುಕ್ಕು, ಬೆಳೆಸಾಲ, ಮಧ್ಯಾಹ್ನದ ಊಟದ ಹೊತ್ತು. ಅಜ್ಜಿಯಂತೂ ಬದುಕಿರುವ ತನಕ "ಮೊಮ್ಮಗಳು ಮುಂಬೈ ಬ್ಯಾಂಕಿನ್ಯಾಗ ಅದಾಳ" ಅಂತ ಓಣಿಗೆಲ್ಲ ಹೇಳಿ, ಅಕ್ಕ ಬಂದಾಗ ಸಾಲ ಮನ್ನಾ ಯಾವಾಗ ಅಂತ ಕೇಳಲು ಇಬ್ಬರನ್ನು ಕರೆತರುತ್ತಿದ್ದಳು. ಕೊನೆಗೆ ಅದನ್ನು ಒಂದೇ ಮಾತಿನಲ್ಲಿ ಬಿಡಿಸಿದವರು ದೊಡ್ಡಪ್ಪ: "ತಿಳೀತು ಬಿಡವಾ. ನೀನೂ ದಲಾಲಿ ಅಂಗಡಿ ಇಟ್ಟಿ."

ನಿಜವೇ. ದೊಡ್ಡಪ್ಪನದು ಅಣ್ಣಿಗೇರಿ ಪೇಟೆಯಲ್ಲಿ ದಲಾಲಿ ಅಂಗಡಿ. ರೈತ ಹತ್ತಿ, ಹೆಸರು, ಕಡಲೆ, ಒಣ ಮೆಣಸಿನಕಾಯಿ ತರುತ್ತಾನೆ. ಕೊಳ್ಳುವವ ಬೇರೆ. ಇಬ್ಬರ ನಡುವೆ ಮಾಲು ಇಳಿಸಿ, ತೂಗಿ, ದರ ಕುದುರಿಸಿ, ಹಣ ಬರುವವರೆಗೆ ಜವಾಬ್ದಾರಿ ಹೊತ್ತು ಕಮಿಷನ್ ತೆಗೆದುಕೊಳ್ಳುವವರು ಇವರು. ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಮಾಡುವುದೂ ಇದನ್ನೇ, ಮಾಲು ಮಾತ್ರ ಬೇರೆ. ಒಂದು ಕಂಪನಿ ತನ್ನ ಪಾಲು ಮಾರಬೇಕು, ಇಲ್ಲವೇ ಇನ್ನೊಂದು ಕಂಪನಿಯನ್ನು ಕೊಳ್ಳಬೇಕು, ಇಲ್ಲವೇ ಷೇರುಪೇಟೆಗೆ ಬರಬೇಕು. ಅದರ ಬೆಲೆ ಎಷ್ಟು, ಯಾರು ಕೊಂಡಾರು, ಕಾಗದಪತ್ರ ಸರಿ ಇದೆಯೇ ಎಂದು ನೋಡಿ ವ್ಯವಹಾರ ಮುಗಿಸಿಕೊಟ್ಟರೆ ಫೀಸು. ಮುರಿದುಬಿದ್ದರೆ ಹೆಚ್ಚಿನ ಸಲ ಪುಡಿಗಾಸು. ನಮ್ಮ ದೇಶದಲ್ಲಿ ಷೇರುಪೇಟೆಗೆ ಬರುವ ಕಂಪನಿ ಸೆಬಿಯಲ್ಲಿ ನೋಂದಾಯಿಸಿದ ಮರ್ಚೆಂಟ್ ಬ್ಯಾಂಕರ್ ಮೂಲಕವೇ ಬರಬೇಕು. ಅದರ ನಿಯಮಾವಳಿ 1992ರದು.

ಬೆಲೆ ಹೇಳುವುದು ಎಷ್ಟು ಕಷ್ಟ ಅನ್ನುವುದಕ್ಕೆ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಗೊತ್ತಿರಲೇಬೇಕಾದ ಕಥೆ ಒಂದಿದೆ. 1993ರಲ್ಲಿ ಇನ್ಫೋಸಿಸ್ ಒಂದು ಷೇರಿಗೆ 95 ರೂಪಾಯಿಯಂತೆ ಜನರಿಗೆ ಷೇರು ಕೊಡಲು ಮುಂದಾದಾಗ ಪೂರ್ತಿ ಕೊಳ್ಳುವವರೇ ಸಿಗಲಿಲ್ಲ. ಆಗ ಅಮೆರಿಕದ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಅದೇ ಬೆಲೆಗೆ ಶೇಕಡಾ 13ರಷ್ಟು ಪಾಲು ಕೊಂಡಿತು. ಜೂನ್ ತಿಂಗಳಲ್ಲಿ ಷೇರು ಪೇಟೆಯಲ್ಲಿ ತೆರೆದದ್ದು 145 ರೂಪಾಯಿಗೆ. ಆಮೇಲಿನದು ಎಲ್ಲರಿಗೂ ಗೊತ್ತು. ಬೇಡವೆಂದು ಬಿಟ್ಟವರೇನು ದಡ್ಡರಲ್ಲ. ಆಗಿನ ದಿನದಲ್ಲಿ ಸಾಫ್ಟ್‌ವೇರ್ ಎಂಬ ಮಾಲನ್ನು ಕೈಯಲ್ಲಿ ಹಿಡಿದು ನೋಡಿದವರು ಕಡಿಮೆ.

ಅಕ್ಕನ ಪ್ರಶ್ನೆಗೆ ಬರೋಣ. ಆರು ವರ್ಷ ಹೊರಗಿದ್ದು ಮತ್ತೆ ಆ ಗಾದಿಗೆ ಬಂದು ಕೂಡಬಹುದೇ?

ನಾನು ಅಂದುಕೊಂಡಿದ್ದು, ತೊಂದರೆ ಇರುವುದು ಕೌಶಲದ್ದು ಅಂತ. ಎಕ್ಸೆಲ್ ಮರೆತಿರಬಹುದು, ನಿಯಮ ಬದಲಾಗಿರಬಹುದು. ನಿಯಮ ಬದಲಾಗಿದ್ದು ಹೌದು. ಅಕ್ಕ ಬಿಡುವಾಗ ಒಂದು ಷೇರು ವಿತರಣೆ ಮುಗಿದು ಪೇಟೆಯಲ್ಲಿ ವ್ಯವಹಾರ ಶುರುವಾಗಲು ಆರು ಕೆಲಸದ ದಿನ ಹಿಡಿಯುತ್ತಿತ್ತು. 2023ರ ಡಿಸೆಂಬರ್‌ನಿಂದ ಅದು ಮೂರೇ ದಿನ. 2022ರ ಕೊನೆಗೆ ಇನ್ನೊಂದು ದಾರಿ ತೆರೆಯಿತು: ಕಂಪನಿ ತನ್ನ ಕರಡು ಪತ್ರವನ್ನು ಮೊದಲು ಗುಟ್ಟಾಗಿ ಸೆಬಿಗೆ ತೋರಿಸಬಹುದು, ಊರಿಗೆಲ್ಲ ತಿಳಿಯದಂತೆ. ನಮ್ಮ ಬೆಂಗಳೂರಿನ ಸ್ವಿಗ್ಗಿ 2024ರಲ್ಲಿ ಬಂದದ್ದು ಈ ದಾರಿಯಿಂದಲೇ. ಅದಕ್ಕೂ ಮೊದಲು 2021ರಲ್ಲಿ ಜೊಮ್ಯಾಟೊ, ಪೇಟಿಎಂ ಬಂದು, ಲಾಭವೇ ಇಲ್ಲದ ಕಂಪನಿಗೆ ಬೆಲೆ ಕಟ್ಟುವುದು ಹೇಗೆ ಅಂತ ಬ್ಯಾಂಕರುಗಳ ತಲೆ ಬಿಸಿಯಾಗಿತ್ತು. ಪೇಟಿಎಂ ಷೇರು ಮೊದಲ ದಿನವೇ ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಈ ಎಲ್ಲ ಹೊತ್ತಿನಲ್ಲಿ ಅಕ್ಕ ಹೊರಗಿದ್ದಳು.

"ಅದೆಲ್ಲಾ ಒಂದು ತಿಂಗಳಿನ ಓದು" ಅಂದಳು. "ನಾ ಅಂಜಿದ್ದು ಅದಕ್ಕಲ್ಲ."

ಜೋಕಾಲಿಯಿಂದ ಮಗು ಇಳಿದು ಶೇಂಗಾ ಉಂಡಿ ಬೇಡುತ್ತಾ ಒಳಗೆ ಓಡಿದ ಮೇಲೆ ಆಕೆ ಬಿಡಿಸಿ ಹೇಳಿದಳು. ಈ ಬ್ಯಾಂಕುಗಳಲ್ಲಿ ಏಣಿಯ ಮೆಟ್ಟಿಲು ಐದು: ಅನಲಿಸ್ಟ್, ಅಸೋಸಿಯೇಟ್, ವೈಸ್ ಪ್ರೆಸಿಡೆಂಟ್, ಡೈರೆಕ್ಟರ್, ಮ್ಯಾನೇಜಿಂಗ್ ಡೈರೆಕ್ಟರ್. (ವೈಸ್ ಪ್ರೆಸಿಡೆಂಟ್ ಅಂದರೆ ಅಧ್ಯಕ್ಷರ ಪಕ್ಕದ ಕುರ್ಚಿ ಅಂತ ತಿಳಿಯಬೇಡಿ, ಒಂದೊಂದು ಮಹಡಿಯಲ್ಲಿ ಇಪ್ಪತ್ತು ಮಂದಿ ಇರುತ್ತಾರೆ.) ಕೆಳಗಿನ ಎರಡು ಮೆಟ್ಟಿಲಿನವರು ಮಾಲು ತಯಾರಿಸುತ್ತಾರೆ: ಲೆಕ್ಕದ ಮಾದರಿ, ಸ್ಲೈಡು, ಕಾಗದಪತ್ರ. ಮೇಲಿನ ಎರಡು ಮೆಟ್ಟಿಲಿನವರು ಗಿರಾಕಿ ತರುತ್ತಾರೆ. ನಡುವಿನವರು ಎರಡೂ ಕಡೆ ಓಡಾಡಿ ವ್ಯವಹಾರ ದಡ ಮುಟ್ಟಿಸುತ್ತಾರೆ. ಆರು ವರ್ಷ ಹೊರಗಿದ್ದು ಬಂದವಳಿಗೆ ಎರಡೂ ತುದಿಯಲ್ಲಿ ಜಾಗ ಇಲ್ಲ. ರಾತ್ರಿ ಎರಡಕ್ಕೆ ಸ್ಲೈಡು ತಿದ್ದಲು 24 ವರ್ಷದ ಹುಡುಗರಿದ್ದಾರೆ. ಈಗಂತೂ ಮೊದಲ ಕರಡನ್ನು ಯಂತ್ರವೇ ಬರೆದುಕೊಡುತ್ತದೆ. ಗಿರಾಕಿ ತರುವೆನೆನ್ನಲು ಆಕೆಯ ಹಿಂದೆ ಯಾರಿದ್ದಾರೆ? ಸಂದರ್ಶನದಲ್ಲಿ ಒಬ್ಬರು ಅದನ್ನೇ ನೇರವಾಗಿ ಕೇಳಿದ್ದರಂತೆ: "ನೀವು ಬಂದರೆ ನಿಮ್ಮ ಜೊತೆ ಯಾರು ಬರುತ್ತಾರೆ?"

"ಏನಂದಿ?"

"ಯಾರೂ ಇಲ್ಲ ಅಂದೆ. ಸುಳ್ಳ ಹೇಳಿ ಏನ ಮಾಡೂದು?"

ನಮ್ಮ ಲೋಕದಲ್ಲೂ ಹೀಗೇ. ಬಿಟ್ಟುಹೋದ ಪ್ರಾಜೆಕ್ಟಿಗೆ ನಾಲ್ಕು ವರ್ಷದ ಮೇಲೆ ಮರಳಿದರೆ ಭಾಷೆ ಮರೆತಿರುವುದಿಲ್ಲ. ಆದರೆ ಯಾವ ಫೈಲು ಮುಟ್ಟಿದರೆ ಯಾರು ಕೂಗಾಡುತ್ತಾರೆ ಅನ್ನುವುದು ತಿಳಿಯುವುದಿಲ್ಲ. ಆ ತಿಳಿವಳಿಕೆಗೆ ಸರ್ಟಿಫಿಕೇಟ್ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ದೊಡ್ಡಪ್ಪನ ಅಂಗಡಿಗೆ ಹೋದೆವು. ಪೇಟೆ ತಣ್ಣಗಿತ್ತು. ಹೊಲದಲ್ಲಿ ಹೆಸರು ಕಾಯಿ ಬಿಡುತ್ತಿದ್ದ ಹೊತ್ತು, ಮಾಲು ಬರಲು ಇನ್ನೂ ವಾರಗಳಿದ್ದವು. ಹಮಾಲರಿಬ್ಬರು ಖಾಲಿ ಚೀಲದ ಮೇಲೆ ಮಲಗಿದ್ದರು. ದೊಡ್ಡಪ್ಪ ಗಾದಿಯ ಮೇಲೆ ಕೂತು ಹಳೆಯ ಬಾಕಿ ನೋಡುತ್ತಿದ್ದರು. ಅಕ್ಕನಿಗೆ ಹೇಳುವ ಮನಸ್ಸಿತ್ತೋ ಇಲ್ಲವೋ, ನಾನೇ ಬಾಯಿಬಿಟ್ಟೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಚಾಳೀಸು ತೆಗೆದಿಟ್ಟು, "ಎಷ್ಟ ವರ್ಷ ಆತವಾ ಬಿಟ್ಟು?" ಅಂತಷ್ಟೇ ಕೇಳಿದರು.

"ಆರು."

"ನಂದು ನಾಕು."

ಆಗಲೇ ನನಗೆ ನೆನಪಾದದ್ದು. ನಾನು ಸಣ್ಣವನಿದ್ದಾಗ ದೊಡ್ಡಪ್ಪ ಈ ಅಂಗಡಿ ಮುಚ್ಚಿ ಹುಬ್ಬಳ್ಳಿಯ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ಖರೀದಿಗೆ ಇದ್ದರು. 1996ರಿಂದ ನಾಲ್ಕು ವರ್ಷ. ತಿಂಗಳ ಪಗಾರ, ಬಸ್ಸಿನ ಪಾಸು, ದೀಪಾವಳಿಗೆ ಬೋನಸ್. ಬರದ ವರ್ಷ ರೈತನಿಗೆ ಕೊಟ್ಟ ಮುಂಗಡ ಮುಳುಗುವ ಭಯ ಇಲ್ಲ. ಮತ್ತೆ ಯಾಕೆ ಬಂದಿರಿ ಅಂತ ಕೇಳಿದರೆ, "ಅಲ್ಲೆ ಮಾಲು ಬರತಿತ್ತು, ಮಂದಿ ಬರತಿದ್ದಿಲ್ಲ" ಅಂದರು.

ಅವರು ಬಂದು ಅಂಗಡಿ ಬಾಗಿಲು ತೆರೆದಾಗ ಶಲವಡಿ, ನಲವಡಿ ಕಡೆಯ ಅವರ ಹಳೆಯ ರೈತರೆಲ್ಲ ಬೇರೆ ಅಂಗಡಿ ಹಿಡಿದಿದ್ದರು. ಅದು ಸಹಜ. ಬಿತ್ತನೆ ಹೊತ್ತಿಗೆ ಬೀಜ-ಗೊಬ್ಬರಕ್ಕೆ ಕೈಗಡ ಕೊಟ್ಟವನ ಅಂಗಡಿಗೇ ಸುಗ್ಗಿಯಲ್ಲಿ ಚಕ್ಕಡಿ ತಿರುಗುತ್ತದೆ. ಮೊದಲ ಹಂಗಾಮಿನಲ್ಲಿ ದೊಡ್ಡಪ್ಪನ ಅಂಗಡಿ ಮುಂದೆ ಇಳಿದ ಹತ್ತಿ ಅಂಡಿಗೆ ಬೆರಳೆಣಿಕೆಯಷ್ಟು. ಅದೇ ಹಂಗಾಮಿನಲ್ಲಿ ಅವರು ತಮಗಿಂತ ಚಿಕ್ಕವನೊಬ್ಬನ ಅಂಗಡಿಯಲ್ಲಿ ಲೆಕ್ಕ ಬರೆದರು. ಆ ಚಿಕ್ಕವನು ಒಂದು ಕಾಲಕ್ಕೆ ಇವರ ಅಂಗಡಿಯಲ್ಲೇ ಚಹಾ ತರುತ್ತಿದ್ದ ಹುಡುಗ. "ನಾಚಿಕಿ ಆಗಲಿಲ್ಲೇನ್ರಿ?" ಅಂದೆ.

"ಎರಡ ದಿನ ಆತು. ಮೂರನೇ ದಿನ ಲೆಕ್ಕದಾಗ ಅಂವಾ ಮಾಡಿದ ತಪ್ಪ ಹಿಡದೆ. ಅಲ್ಲಿಂದ ಅಂವಗ ನಾಚಿಕಿ ಸುರು ಆತು."

ಆದರೆ ಅವರು ಹೇಳಿದ ಮುಖ್ಯ ಮಾತು ಅದಲ್ಲ. ಜಿನ್ನಿನಲ್ಲಿ ಅವರು ನಾಲ್ಕು ವರ್ಷ ಕೂತದ್ದು ಕೊಳ್ಳುವವನ ಕಡೆಗೆ. ಅಲ್ಲಿ ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ಉದ್ದ ನೋಡುವುದು, ಕಸ ಎಷ್ಟು, ಹಸಿ ಎಷ್ಟು, ಒಂದು ಕ್ವಿಂಟಲ್ ಹತ್ತಿಗೆ ಅರಳೆ ಎಷ್ಟು ಬಿದ್ದೀತು ಅಂತ ಅಂದಾಜು ಮಾಡಿ ದರ ಕೂಗುವುದು ಅವರ ಕೆಲಸವಾಗಿತ್ತು. ದಲಾಲಿ ಅಂಗಡಿಯಲ್ಲಿ ಕೂತಾಗ ಇದರಲ್ಲಿ ಅರ್ಧ ಗೊತ್ತಿರಲಿಲ್ಲವಂತೆ. ಮರಳಿ ಬಂದ ಮೇಲೆ ರೈತನಿಗೆ, "ನಿನ್ನ ಹತ್ತಿಗೆ ದರ ಯಾಕ ಕಡಿಮಿ ಬಂತು ಅಂದ್ರ, ಬೆಳ್ಳಂಬೆಳಗ್ಗೆ ಇಬ್ಬನಿಯೊಳಗ ಬಿಡಿಸಿ ಚೀಲ ಕಟ್ಟಿ. ಎರಡ ದಿನ ಬಿಸಲಿಗೆ ಹಾಕಿ ತಾ" ಅಂತ ಹೇಳಬಲ್ಲವರು ಸಾಲಿನ ಅಂಗಡಿಗಳಲ್ಲಿ ಇವರೊಬ್ಬರೇ ಆಗಿದ್ದರು. ಎರಡನೇ ವರ್ಷ ಹಳೆಯ ರೈತರಲ್ಲಿ ಕೆಲವರು ತಿರುಗಿ ಬಂದರು. ಹೊಸಬರು ಅದಕ್ಕಿಂತ ಹೆಚ್ಚು.

ಅಕ್ಕ ಸುಮ್ಮನೆ ಕೇಳುತ್ತಿದ್ದಳು. ಆಮೇಲೆ ಫೋನಿನಲ್ಲಿ ಏನೋ ಬರೆದುಕೊಂಡಳು. ನಾನು ಇಣುಕಿದೆ. "ಎರಡು ಖರೀದಿ, ಒಂದು ಬಿಟ್ಟದ್ದು" ಅಂತಿತ್ತು.

ಅದರ ಅರ್ಥ ಇಷ್ಟು. ಕಂಪನಿಯಲ್ಲಿದ್ದ ಆರು ವರ್ಷದಲ್ಲಿ ಆಕೆ ತನ್ನ ಕಂಪನಿಯ ಪರವಾಗಿ ಎರಡು ಸಣ್ಣ ಕಂಪನಿ ಕೊಳ್ಳುವ ತಂಡದಲ್ಲಿದ್ದಳು. ಮೂರನೆಯದನ್ನು ಕೊಳ್ಳಬೇಡಿ ಅಂತ ವರದಿ ಬರೆದವಳೂ ಆಕೆಯೇ. ಅಂದರೆ ಮೇಜಿನ ಆ ಕಡೆ ಕೂತು ಬ್ಯಾಂಕರುಗಳು ತರುವ ನೂರು ಪುಟದ ಕಟ್ಟಿನಲ್ಲಿ ಯಾವ ನಾಲ್ಕು ಪುಟ ಓದುತ್ತಾರೆ, ಉಳಿದದ್ದು ಯಾವ ಬುಟ್ಟಿಗೆ ಹೋಗುತ್ತದೆ ಅಂತ ನೋಡಿದವಳು. ಖರೀದಿ ಮುಗಿದ ಮೇಲೆ ಬ್ಯಾಂಕರು ಫೀಸು ತೆಗೆದುಕೊಂಡು ಹೊರಟುಬಿಡುತ್ತಾನೆ. ಎರಡು ಕಂಪನಿಯ ಪಗಾರದ ಸಾಫ್ಟ್‌ವೇರ್ ಒಂದಾಗದೆ ಎಂಟು ತಿಂಗಳು ಒದ್ದಾಡುವವರು ಬೇರೆ. ಒದ್ದಾಡಿದವಳು ಈಕೆ. ಸಂದರ್ಶನದಲ್ಲಿ ಇದ್ಯಾವುದನ್ನೂ ಈಕೆ ಹೇಳಿರಲಿಲ್ಲ. ಮುಂಬೈನ ಮೂರು ವರ್ಷದ್ದನ್ನೇ ಹೇಳಿದ್ದಳು, ಹಳೆಯ ಗಾದಿಗೆ ತಾನು ಇನ್ನೂ ತಕ್ಕವಳು ಅಂತ ತೋರಿಸಲು. ನಡುವಿನ ಆರು ವರ್ಷಕ್ಕೆ ಕ್ಷಮೆ ಕೇಳುವ ಧಾಟಿಯಲ್ಲಿ ಮಾತಾಡಿದ್ದಳು. ಅಸೋಸಿಯೇಟ್ ಹುದ್ದೆ ಬಂದದ್ದು ಅದಕ್ಕೇ ಅಂತ ನನ್ನ ಅಂದಾಜು.

ಹೀಗೆ ಮರಳಿದವರು ಇದ್ದಾರೆ. ಆಂಥನಿ ನೋಟೊ ಅಂತ ಅಮೆರಿಕದ ಒಬ್ಬರು. ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಪಾಲುದಾರರಾಗಿದ್ದವರು 2008ರಲ್ಲಿ ಅದನ್ನು ಬಿಟ್ಟು ಅಲ್ಲಿನ ಫುಟ್‌ಬಾಲ್ ಲೀಗಿನ ಹಣಕಾಸು ಮುಖ್ಯಸ್ಥರಾದರು. 2010ರಲ್ಲಿ ಗೋಲ್ಡ್‌ಮನ್‌ಗೆ ಮರಳಿ ತಂತ್ರಜ್ಞಾನ-ಮಾಧ್ಯಮ ಕಂಪನಿಗಳ ವ್ಯವಹಾರ ನೋಡಿಕೊಂಡರು. 2013ರಲ್ಲಿ ಟ್ವಿಟರ್ ಷೇರುಪೇಟೆಗೆ ಬಂದಾಗ ಗೋಲ್ಡ್‌ಮನ್ ಪರವಾಗಿ ಆ ಕೆಲಸ ನಡೆಸಿದ್ದು ಇವರೇ. ಮರುವರ್ಷ ಟ್ವಿಟರ್‌ಗೇ ಹಣಕಾಸು ಮುಖ್ಯಸ್ಥರಾಗಿ ಹೋದರು. ಒಳಗೆ, ಹೊರಗೆ, ಮತ್ತೆ ಒಳಗೆ, ಮತ್ತೆ ಹೊರಗೆ. ಆದರೆ ಅವರು ಹೊರಗಿದ್ದದ್ದು ಎರಡು ಮೂರು ವರ್ಷ ಮಾತ್ರ, ಹೋದದ್ದೂ ಮೇಲಿನ ಮೆಟ್ಟಿಲಿನಿಂದ.

ನಮ್ಮವರಲ್ಲಿ ಮಂಗಳೂರಿನ ಕೆ.ವಿ. ಕಾಮತ್. ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಅಹಮದಾಬಾದಿನ ಐಐಎಂ ಮುಗಿಸಿ 1971ರಲ್ಲಿ ಐಸಿಐಸಿಐ ಸೇರಿದರು. 1988ರಲ್ಲಿ ಬಿಟ್ಟು ಮನಿಲಾದ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿಗೆ ಹೋದರು. 1996ರಲ್ಲಿ ಐಸಿಐಸಿಐಗೆ ಮುಖ್ಯಸ್ಥರಾಗಿಯೇ ಮರಳಿದರು. ಎಂಟು ವರ್ಷದ ಅಂತರ. ಆಗಿನ ಐಸಿಐಸಿಐ ಕಾರ್ಖಾನೆ, ಯೋಜನೆಗಳಿಗೆ ಸಾಲ ಕೊಡುವ ಸಂಸ್ಥೆ. ಅಕ್ಕನ ದಂಧೆಗೂ ಅದಕ್ಕೂ ಪೂರ್ತಿ ತಾಳೆ ಇಲ್ಲ. ಆದರೂ ಒಂದು ಮಾತು ಕೂಡಿಬರುತ್ತದೆ. ಮರಳಿ ಬಂದವರು ಬಿಟ್ಟುಹೋದ ಕೆಲಸವನ್ನೇ ಮುಂದುವರಿಸಲಿಲ್ಲ. ಸಾಲ ಕೊಡುವ ಆ ಸಂಸ್ಥೆ 2002ರಲ್ಲಿ ತಾನೇ ಹುಟ್ಟಿಸಿದ ಐಸಿಐಸಿಐ ಬ್ಯಾಂಕಿನಲ್ಲಿ ವಿಲೀನವಾಗಿ, ಜನಸಾಮಾನ್ಯರ ಬ್ಯಾಂಕು ಆದದ್ದು ಅವರ ಕಾಲದಲ್ಲೇ.

ಇನ್ನು ದೊಡ್ಡ ಬ್ಯಾಂಕುಗಳಲ್ಲಿ 'ರಿಟರ್ನ್‌ಶಿಪ್' ಎಂಬ ಏರ್ಪಾಡು ಇದೆ. 2008ರಲ್ಲಿ ಗೋಲ್ಡ್‌ಮನ್ ಶುರುಮಾಡಿದ್ದು. ಕೆಲಸದಿಂದ ವರ್ಷಗಟ್ಟಲೆ ದೂರವಿದ್ದವರಿಗೆ ಕೆಲವು ವಾರ ಸಂಬಳ ಕೊಟ್ಟು ತರಬೇತಿ, ಆಮೇಲೆ ಎರಡೂ ಕಡೆಯವರಿಗೆ ಒಪ್ಪಿಗೆಯಾದರೆ ನೌಕರಿ. ಅಕ್ಕ ಅದನ್ನೂ ನೋಡಿದ್ದಳು. ಆದರೆ ಅಂಥವು ಕೆಲಸವನ್ನೇ ಬಿಟ್ಟು ಮನೆಯಲ್ಲಿದ್ದವರಿಗಾಗಿ ಇರುವಂಥವು. "ನಾ ಖಾಲಿ ಕೂತಿದ್ರ ಬಾಗಿಲ ತಗೀತಿತ್ತು. ಆರು ವರ್ಷ ದುಡದೇನಿ ಅಂತ ಬಾಗಿಲ ಹಾಕೈತಿ" ಅಂತ ನಕ್ಕಳು.

ಅಂಗಡಿಯಲ್ಲಿ ಚಹಾ ಬಂತು. ದೊಡ್ಡಪ್ಪ ಬಸಿಯಲ್ಲಿ ಸುರಿದು ಆರಿಸುತ್ತಾ, ಯಾರ ಮುಖವನ್ನೂ ನೋಡದೆ ಒಂದು ಮಾತು ಕೇಳಿದರು.

"ಅವ್ವನ ಮಣ್ಣಿಗೆ ನಿನಗ ಬರಾಕ ಆಗಲಿಲ್ಲ. ಈಗ ಮತ್ತ ಯಾರ ಮಣ್ಣಿಗೆ ಬರೂದಿಲ್ಲ ಅಂತ ಬರದ ಕೊಡತಿ?"

ಅಂಗಡಿ ಸ್ತಬ್ಧವಾಯಿತು. 2019ರ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಾಗ ಮುಂಬೈಯಲ್ಲಿ ಒಂದು ವ್ಯವಹಾರದ ಕೊನೆಯ ವಾರ. ಹಿಂದಿನ ದಿನವೇ ಹೊರಡು ಅಂತ ಫೋನ್ ಹೋಗಿತ್ತು. ಈಕೆ ಒಂದು ರಾತ್ರಿ ಕಾದಳು. ಬೆಳಗ್ಗೆ ವಿಮಾನ ಹಿಡಿದು, ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಬರುವಷ್ಟರಲ್ಲಿ ಮಣ್ಣು ಮುಗಿಸಿ ಮಂದಿ ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದರು. ಎರಡು ತಿಂಗಳ ಮೇಲೆ ಆ ಕೆಲಸ ಬಿಟ್ಟಳು. ಕಾರಣ ಯಾರಿಗೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ದಂಧೆಯ ರಾತ್ರಿಗಳನ್ನು ನಾನು ಬೇರೆ ರೀತಿಯಲ್ಲಿ ನೋಡಿದವನು. ಕೊಳ್ಳುವವರು, ಮಾರುವವರು, ವಕೀಲರು ಗುಟ್ಟಿನ ಕಾಗದ ಓದುವ ಆನ್‌ಲೈನ್ ಕಪಾಟಿಗೆ ಡೇಟಾ ರೂಮ್ ಅನ್ನುತ್ತಾರೆ. ಅಂಥ ಒಂದು ಸಾಫ್ಟ್‌ವೇರ್ ಮೇಲೆ ಎರಡು ವರ್ಷ ಕೆಲಸ ಮಾಡಿದ್ದೇನೆ. ಯಾರು ಯಾವ ಫೈಲು ಎಷ್ಟು ಹೊತ್ತಿಗೆ ತೆರೆದರು ಅನ್ನುವುದು ಅದರಲ್ಲಿ ದಾಖಲಾಗುತ್ತದೆ. ರಾತ್ರಿ 1.10, 2.40, 3.55. ಒಂದೇ ಹೆಸರು. ಮತ್ತೆ ಬೆಳಗ್ಗೆ 8.30ಕ್ಕೆ ಅದೇ ಹೆಸರು. ಲಾಗ್ ಓದುವಾಗ ಎಷ್ಟೋ ಸಲ ಈ ಮನುಷ್ಯನಿಗೆ ಮನೆಯಲ್ಲಿ ಯಾರಿದ್ದಾರೆ ಅಂತ ಯೋಚಿಸಿದ್ದುಂಟು.

ದೊಡ್ಡಪ್ಪನ ದಂಧೆಯಲ್ಲಿ ಇದು ತಿರುವುಮುರುವು. ಅವರು ರೈತರನ್ನು ಮರಳಿ ಗಳಿಸಿದ್ದೇ ಮದುವೆ, ಮಣ್ಣು, ಜಾತ್ರೆಗೆ ಹೋಗಿ. ನಾಲ್ಕು ವರ್ಷದಲ್ಲಿ ತಪ್ಪಿದ ಸಾವುಗಳ ಮನೆಗಳಿಗೆ ಒಂದೊಂದಾಗಿ ಹೋಗಿ, ತಡವಾಗಿಯಾದರೂ ಕೂತು ಮಾತಾಡಿ ಬಂದಿದ್ದರಂತೆ. ಅದೇ ಅವರಿಗೆ ಕೆಲಸ. ಅಕ್ಕನ ದಂಧೆ ಮಾತ್ರ ಅದನ್ನೇ ತಪ್ಪಿಸು ಅನ್ನುತ್ತದೆ.

ಅಕ್ಕ ಬಹಳ ಹೊತ್ತಿನ ಮೇಲೆ ಹೇಳಿದಳು: "ಅಪ್ಪಾ, ಅವತ್ತು ನಾ ರಾತ್ರಿ ನಿಂತಿದ್ದು ಯಾರೂ ನಿಲ್ಲಿಸಿದ್ರು ಅಂತಲ್ಲ. ಕೇಳಿದ್ರ ಬಿಡತಿದ್ರು. ನಾ ಕೇಳಲಿಲ್ಲ. ಕೇಳಿದ್ರ ಸಣ್ಣಾಕಿ ಆಗತೇನಿ ಅನಿಸಿತ್ತು."

ದೊಡ್ಡಪ್ಪ ಬಸಿ ಕೆಳಗಿಟ್ಟರು. "ಈಗ ಕೇಳತಿ?"

"ಕೇಳತೇನಿ."

"ಹಂಗಾರ ಮೊದಲ ಕೇಳು. ಸಹಿ ಮಾಡಿದ ಮ್ಯಾಲ ಕೇಳಿದ್ದಕ್ಕ ದರ ಸಿಗೂದಿಲ್ಲ."

ಉಳಿದ ದಿನಗಳಲ್ಲಿ ಅಕ್ಕ ಮಾಡಿದ್ದು ಇಷ್ಟು. ಆ ಸಂಸ್ಥೆಯ ಮುಖ್ಯಸ್ಥರಿಗೆ ಫೋನ್ ಮಾಡಿ ಅರ್ಧ ಗಂಟೆ ಬೇಡಿದಳು. ಮುಂಬೈ ಮಾತು ಬಿಟ್ಟು ಕಂಪನಿಯ ಆರು ವರ್ಷದ್ದನ್ನು ಹೇಳಿದಳು: ಎರಡು ಖರೀದಿ, ಬಿಟ್ಟ ಮೂರನೆಯದು, ಅದನ್ನು ಯಾಕೆ ಬಿಟ್ಟರು. ಆಹಾರ ಸಂಸ್ಕರಣೆ, ಮಸಾಲೆ, ಬೀಜದಂಥ ಕಂಪನಿಗಳ ಕೆಲಸ ತನಗೆ ಬೇಕು ಅಂದಳು. ದೊಡ್ಡ ನಗರಗಳ ಹುಡುಗರಿಗೆ ಆ ಮಾಲಿನ ವಾಸನೆ ಗೊತ್ತಿಲ್ಲ ಅನ್ನುವುದು ಅವಳ ಲೆಕ್ಕ. 2012ರಲ್ಲಿ ಮುಂಬೈನ ಎರಡೂ ಷೇರುಪೇಟೆಗಳಲ್ಲಿ ಸಣ್ಣ ಕಂಪನಿಗಳಿಗೆಂದೇ ಪ್ರತ್ಯೇಕ ವೇದಿಕೆ ಶುರುವಾದ ಮೇಲೆ ಇಂಥ ಊರುಗಳ ಕಂಪನಿಗಳೂ ಪೇಟೆಯ ಕಡೆ ಮುಖ ಮಾಡಿವೆ. ಅವರೊಂದಿಗೆ ಕೂತು ಅವರ ಮಾತಿನಲ್ಲೇ ಮಾತಾಡುವ ಬ್ಯಾಂಕರು ಕಡಿಮೆ.

ಹುದ್ದೆ ಬದಲಾಗಲಿಲ್ಲ. ಒಂದು ವರ್ಷದ ಬದಲು ಆರು ತಿಂಗಳಿಗೆ ಮರುಪರಿಶೀಲನೆ ಅಂತ ಬರೆದು ಕೊಟ್ಟರು. ಖಚಿತ ಸಂಬಳ ಸ್ವಲ್ಪ ಏರಿತು, ಹಳೆಯದನ್ನು ಮುಟ್ಟಲಿಲ್ಲ. ವೇಳೆಯ ಬಗ್ಗೆ ಆ ಮನುಷ್ಯ ಹೇಳಿದ್ದು ನನಗೆ ಹಿಡಿಸಿತು. ವ್ಯವಹಾರ ಮುಗಿಯುವ ವಾರ ನಾನು ಯಾವ ಮಾತೂ ಕೊಡಲಾರೆ. ಉಳಿದ ವಾರ ಸಂಜೆ ಆರರಿಂದ ಒಂಬತ್ತು ನಿಮ್ಮದು, ಯಾರಾದರೂ ಫೋನ್ ಮಾಡಿದರೆ ನನ್ನ ಹೆಸರು ಹೇಳಿ ಅಂದರಂತೆ. ಸುಳ್ಳು ಭರವಸೆಗಿಂತ ಇದು ಎಷ್ಟೋ ಮೇಲು. ಮನೆ ಸಾಲದ ಕಂತಿಗೆ ಎಂಟು ತಿಂಗಳಿನ ಹಣ ತೆಗೆದಿಟ್ಟು, ಗಂಡನ ಜೊತೆ ಕೂತು ಯಾವ ವಾರ ಯಾರು ಮಗುವನ್ನು ಶಾಲೆಯಿಂದ ಕರೆತರುವುದು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಗಣೇಶ ಹಬ್ಬ ಮುಗಿದ ಮೇಲೆ ಅಕ್ಕ ಸಹಿ ಮಾಡಿದ ಕೆಲಸಕ್ಕೆ ಸೇರಿದಳು.

ಎಲ್ಲ ಸುಸೂತ್ರ ಅಂತ ಬರೆಯಲಾರೆ. 29ರ ಸಾಹೇಬ ಮೊದಲ ತಿಂಗಳು ಈಕೆ ಮಾಡಿದ ಲೆಕ್ಕದ ಹಾಳೆಯನ್ನು ಎಲ್ಲರೆದುರು ಮೂರು ಸಲ ತಿರುಗಿ ಕಳಿಸಿದ. ಎರಡು ಸಲ ಅವನದೇ ಸರಿ ಇತ್ತು. ಡಿಸೆಂಬರ್‌ನಲ್ಲಿ ಮಗಳ ಶಾಲೆಯ ಗ್ಯಾದರಿಂಗ್ ತಪ್ಪಿತು. ಮಗಳು ಚಿಟ್ಟೆಯ ವೇಷ ಹಾಕಿದ್ದಳು. ಅಕ್ಕ ಅದರ ವಿಡಿಯೋವನ್ನು ರಾತ್ರಿ ಆಫೀಸಿನ ಮೆಟ್ಟಿಲ ಮೇಲೆ ಕೂತು ನೋಡಿ ನನಗೆ ಕಳಿಸಿದಳು, ಏನೂ ಬರೆಯದೆ. ಆರು ತಿಂಗಳ ಪರಿಶೀಲನೆ ಇನ್ನೂ ಬಂದಿಲ್ಲ.

ಜನವರಿಯ ಕೊನೆಗೆ ನಾನು ಊರಲ್ಲಿದ್ದೆ. ಪೇಟೆಗೆ ಒಣ ಮೆಣಸಿನಕಾಯಿ ಬರುವ ಕಾಲ, ಓಣಿಯೆಲ್ಲ ಘಾಟು. ರಾತ್ರಿ ಹನ್ನೊಂದೂವರೆಗೆ ಅಕ್ಕನ ಫೋನ್. ದನಿಯಲ್ಲಿ ನಿದ್ದೆ ಇಲ್ಲ, ಆದರೆ ಆಯಾಸವೂ ಇರಲಿಲ್ಲ.

"ಅಪ್ಪ ಎದ್ದಾನೇನೋ? ಒಂದ ಮಸಾಲಿ ಕಂಪನಿ ಲೆಕ್ಕ ನೋಡಾಕತ್ತೇನಿ. ಕೋಲ್ಡ್ ಸ್ಟೋರೇಜಿನ್ಯಾಗ ಮೆಣಸಿನಕಾಯಿ ಚೀಲ ಭಾಳ ತೋರಿಸ್ಯಾರ. ವರ್ಷ ಇಟ್ರ ಬಣ್ಣ ಎಷ್ಟ ಇಳೀತೈತಿ, ತೂಕ ಎಷ್ಟ ಇಳೀತೈತಿ, ಹೆಂಗ ಲೆಕ್ಕ ಹಿಡೀಬೇಕು ಅಂತ ಕೇಳು."

ನಾನು ಫೋನ್ ಸ್ಪೀಕರಿಗೆ ಹಾಕಿ ದೊಡ್ಡಪ್ಪನ ಹಾಸಿಗೆಯ ಹತ್ತಿರ ಹಿಡಿದೆ. ಅವರು ಕಣ್ಣು ತೆರೆಯದೆ ಪೂರ್ತಿ ಕೇಳಿಸಿಕೊಂಡರು.

"ಬಣ್ಣ, ತೂಕ ಆಮ್ಯಾಲ ನೋಡೂಣು" ಅಂದರು. "ಅದಕ್ಕಿಂತ ಮೊದಲ ಆ ಚೀಲ ಯಾರವು ಅಂತ ಕೇಳು. ಕಂಪನಿ ರೊಕ್ಕಾ ಕೊಟ್ಟು ಕೊಂಡಿದ್ದೋ, ರೈತರು, ಯಾಪಾರಿಗಳು ತಂದ ಇಟ್ಟಿದ್ದೋ? ಗೋದಾಮಿನ್ಯಾಗ ಇದ್ದದ್ದೆಲ್ಲಾ ಗೋದಾಮಿನಾಂವಂದಲ್ಲ."

ಆ ಕಡೆಯಿಂದ ಎರಡು ಕ್ಷಣ ಸದ್ದಿಲ್ಲ. ಆಮೇಲೆ ಕೀಬೋರ್ಡಿನ ಟಕಟಕ ಕೇಳಿಸಿತು.